ಚೆಲುವಿಯ ಗ್ಯಾಸ್

ಡಿಸೆಂಬರ್ 4, ಗುರುವಾರ

ನಮ್ಮ ಹಸು ಚೆಲುವಿಯ ಸಗಣಿ ಕಲಸಿ ಗ್ಯಾಸ್ ಗುಂಡಿಗೆ ಬಿಟ್ಟೆ. ಬಣಕಲ್ ಹೋಟೆಲಿಂದ ಮೊಹಿದ್ದೀನ್ ಸಾಬ್ರು ಕಳಿಸಿದ ಬಕೆಟ್ಟೂ ಸುರಿದೆ — ಉಳಿದ ಅನ್ನ, ಪಲ್ಯ. ತಿಂಡಿಗೆಲ್ಲ ಗೋಬರ್ ಗ್ಯಾಸೇ ಸಾಕಾಯ್ತು.

ನಮ್ಮ ಯಜಮಾನ್ರದ್ದು ಮತ್ತೆ ಅದೇ ರಾಗ. "ಹಾಲು ನಿಲ್ಸಿ ಎರಡು ವರ್ಷ ಆಯ್ತು ರುದ್ರಾಣಿ. ಚೆಲುವೀನ ಗೋಶಾಲೆಗೆ ಬಿಡಣ. ಕೊಟ್ಟಿಗೇಲಿ ಪಾರ್ಚ್‌ಮೆಂಟ್ ಕಾಫಿ ಚೀಲ ಇಡಬಹುದು." ಮೊಬೈಲಲ್ಲಿ ಬೇರೆ ಓದಿದಾರೆ... ಹಸು ತೇಗಿದ್ರೆ ಮೀಥೇನ್ ಬಂದು ಭೂಮಿ ಬಿಸಿ ಆಗ್ತದಂತೆ. ಊಟ ಆದ್ಮೇಲೆ ಇವ್ರು ತೇಗೋದಕ್ಕೆ ಲೆಕ್ಕವೇ ಇಲ್ಲ!

"ಅವಳ ಗ್ಯಾಸಲ್ಲಿ ಒಲೆ ಉರಿಯೋ ತನಕ ಅವಳು ಇಲ್ಲೇ" ಅಂದೆ. "ಸರಿ ಮಾರಾಯ್ತಿ, ಒಲೆ ಉರಿಯೋ ತನಕ" ಅಂದ್ರು. ಮಾತು ಮಾತೇ.

ಡಿಸೆಂಬರ್ 8

ಸಾಬ್ರ ಫೋನು. ಮದುವೆ ಮನೇಲಿ ಡ್ರಮ್ಮುಗಟ್ಟಲೆ ಅನ್ನ, ಪಾಯಸ ಮಿಕ್ಕಿದೆಯಂತೆ, ಹಳ್ಳಕ್ಕೆ ಸುರೀತಾರಂತೆ. ಎಲ್ಲಾ ಇಲ್ಲಿಗೇ ಕಳ್ಸಿ ಅಂದೆ. "ಜಾಸ್ತಿ ಆಗಲ್ವಾ ಅಕ್ಕಾ?" ಅಂದ್ರು. ಉರಿ ಜಾಸ್ತಿ ಆಗ್ಲಿ, ನಮ್ಮ ಯಜಮಾನ್ರ ಬಾಯಿ ಮುಚ್ಲಿ. ಎರಡು ಡ್ರಮ್ಮೂ ಗುಂಡಿಗೆ ಸುರಿಸಿದೆ.

ಡಿಸೆಂಬರ್ 11

ಥೂ. ಗ್ಯಾಸ್ ಬುಸ್ ಅಂತದೆ, ಕಡ್ಡಿ ಗೀರಿದ್ರೆ ಕಡ್ಡೀನೇ ಆರ್ತದೆ. ಕೆಟ್ಟ ಹುಳಿ ವಾಸನೆ.

ಸಾಬ್ರ ಮಗಳು ಸನಾ ಬಂದು ನೋಡಿದ್ಲು. ಮೂಡಿಗೆರೇಲಿ ತೋಟಗಾರಿಕೆ ಓದ್ತಾಳೆ. "ಗುಂಡಿಗೆ ಅಜೀರ್ಣ ಆಗಿದೆ ಆಂಟಿ. ಅನ್ನ ಪೂರ್ತಿ ನಿಲ್ಸಿ. ಚೆಲುವಿ ಸಗಣಿ ಮಾತ್ರ ಹಾಕಿ, ಗುಂಡೀನ ಅದೇ ಸರಿ ಮಾಡ್ತದೆ."

"ಹಳ್ಳಕ್ಕೇ ಸುರೀಲಿ ಅಂತ ಬಿಡಬೇಕಿತ್ತು" ಅಂದೆ.

"ಅಲ್ಲಿ ಕೊಳೆತ್ರೂ ಅದೇ ಮೀಥೇನ್, ಸುಮ್ನೆ ಗಾಳಿಗೆ ಹೋಗ್ತದೆ. ಇಲ್ಲಿ ಅದನ್ನ ಉರಿಸಿ ಅಡಿಗೆ ಮಾಡ್ತೀರಿ. ಒಂದೇ ಸಲ ಸುರಿದಿದ್ದು ತಪ್ಪು, ಅಷ್ಟೇ."

ಇವ್ರು ಬೈಲಿಲ್ಲ. ಗೋಶಾಲೆಗೆ ಫೋನ್ ಮಾಡಿದ್ರು. ಇಪ್ಪತ್ತೊಂದಕ್ಕೆ ಟೆಂಪೋ. ಬೈದಿದ್ರೇ ಚೆನ್ನಾಗಿತ್ತು.

ಡಿಸೆಂಬರ್ 16

ಬರೀ ಸಗಣಿ. ಉರಿ ಇಲ್ಲ. ಸಿಲಿಂಡರಲ್ಲೇ ಅಡಿಗೆ.

ಚೆಲುವಿಗೆ ಹುಲ್ಲು ಹಾಕಿದ್ರೆ ನನ್ನ ಸೆರಗು ಜಗೀತಾಳೆ, ಕತ್ತೆ! ಬೈದೆ. ಆಮೇಲೆ ಅವಳ ಕುತ್ತಿಗೆ ಹಿಡ್ಕೊಂಡು ಅತ್ತೆ. ಖಾಲಿ ಕೊಟ್ಟಿಗೆ ನೋಡಕ್ಕೆ ನನ್ನ ಕೈಲಿ ಆಗಲ್ಲ.

ಡಿಸೆಂಬರ್ 20

ಹುಳಿ ವಾಸನೆ ಕಡಿಮೆ. ಕಡ್ಡಿ ಗೀರಿದೆ — ಒಂದು ಗಳಿಗೆ ಮಿಣುಕ್ ಅಂತು. ಆರಿಹೋಯ್ತು. ಇವ್ರಿಗೆ ಹೇಳಲಿಲ್ಲ.

ಡಿಸೆಂಬರ್ 21, ಬೆಳಿಗ್ಗೆ 7

ಟೆಂಪೋ ಬಂತು. ಇವ್ರು ಹಗ್ಗ ಬಿಚ್ಚಕ್ಕೆ ಹೋದ್ರು. ನಾನು ಅಡಿಗೆಮನೆಗೆ ಓಡಿದೆ. ಮೊದಲ ಕಡ್ಡಿ ಮುರೀತು. ಎರಡನೇದು... ಹತ್ತಿಕೊಂಡ್ತು! ನೀಲಿ ಉರಿ. ಆರಲಿಲ್ಲ.

"ರೀ, ಬನ್ನಿ ಇಲ್ಲಿ!" ಕೂಗಿದ್ದು ರಸ್ತೆಗೂ ಕೇಳಿರ್ಬೇಕು.

ಹಗ್ಗ ಕೈಯಲ್ಲಿ ಹಿಡ್ಕೊಂಡೇ ಬಾಗ್ಲಲ್ಲಿ ನಿಂತ್ರು. ಹಿಂದೆ ಚೆಲುವಿ ಮೂತಿ. ಉರಿ ನೋಡಿದ್ರು, ನನ್ನ ಮುಖ ನೋಡಿದ್ರು. "ಮಾತು ಮಾತೇ" ಅಂದ್ರು. "ಡ್ರೈವರಿಗೂ ಒಂದು ಟೀ ಇಡು. ಪಾಪ, ಖಾಲಿ ಗಾಡಿ ಹೊಡ್ಕೊಂಡು ಹೋಗ್ಬೇಕು."

ಒಲೆ ಮುಂದೇ ಕೂತು ಬರೀತಿದೀನಿ. ಉರಿ ಬಿಟ್ಟು ಏಳಕ್ಕೆ ಮನಸ್ಸಿಲ್ಲ. ಅಯ್ಯೋ, ಟೀ ಉಕ್ಕಿ —