ಭಾಲ್ಕಿ ಮನೆಯ ಬೆಳಕಿಂಡಿ

ಬೀದರ
೨೦ ಜುಲೈ ೨೦೨೪, ಶನಿವಾರ

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಸೊಸೆ ಸ್ಟೆಲ್ಲಾಳ ವಂದನೆಗಳು. ನೀವು ಭಾಲ್ಕಿಯ ಮನೆಗೆ ಕೀಲಿ ಹಾಕಿ ಸಂತಪುರಕ್ಕೆ ತಮ್ಮನ ಮನೆಗೆ ಹೋದಾಗಿನಿಂದ ನಾನು ಒಂದು ಸಾಲೂ ಬರೆದಿಲ್ಲ. ತಡವಾಯಿತು, ಕ್ಷಮಿಸಿ ಎಂದರೆ ಬಸ್ಸು ತಪ್ಪಿಸಿಕೊಂಡವಳ ಮಾತಿನಂತೆ ಕೇಳಿಸುತ್ತದೆ. ಬೇರೆ ಮಾತು ಹೊಳೆಯದೆ ಅದನ್ನೇ ಬರೆದಿದ್ದೇನೆ. ಫೋನಿನಲ್ಲಿ ಆಡುವ ಮಾತಲ್ಲ ಇದು. ಮೊಮ್ಮಗಳು ಫೇತ ನನ್ನ ಸೆರಗು ಬಿಟ್ಟು ಸರಿಯುವುದಿಲ್ಲ, ಅವಳ ಕಿವಿ ಎಷ್ಟು ಚುರುಕೆಂದು ನಿಮಗೆ ಗೊತ್ತು. ಕೆಳಗಿನ ಮನೆಯ ರಶೀದ ಅಹ್ಮದ ಅವರು ಸೋಮವಾರ ಔರಾದಿಗೆ ಹೋಗುವವರಿದ್ದಾರೆ. ದಾರಿಯಲ್ಲಿ ಸಂತಪುರದಲ್ಲಿ ಇಳಿದು ನಿಮ್ಮ ಕೈಗೇ ಕೊಡುತ್ತೇನೆ ಎಂದಿದ್ದಾರೆ.

ನಿಮ್ಮ ಮಗ ಆರೋಗ್ಯವಾಗಿದ್ದಾರೆ. ಬೆಳಗ್ಗೆ ಬೈಕ್ ಹತ್ತಿ ಜನವಾಡದ ಶಾಲೆಗೆ ಹೋಗುತ್ತಾರೆ, ಬರುತ್ತಾರೆ, ಊಟ ಮಾಡುತ್ತಾರೆ. ಮಾತು ಮಾತ್ರ ಇಲ್ಲ. ನನ್ನ ನಿದ್ದೆಯ ವಿಷಯ ಕೇಳಬೇಡಿ. ಆ ದಿನ ಪಾಪುವಿನ ಪಕ್ಕದಲ್ಲಿ ಬಿದ್ದ ನಿದ್ದೆಯೇ ಕೊನೆ, ಆಮೇಲೆ ಕಣ್ಣು ಮುಚ್ಚಿದರೆ ಎದೆ ಹೊಡೆದುಕೊಳ್ಳುತ್ತದೆ. ಡಾಕ್ಟರು ಗುಳಿಗೆ ಕೊಟ್ಟಿದ್ದಾರೆ. ನುಂಗಲು ಹೆದರಿಕೆ. ನಾನು ಮಲಗಿದಾಗ ಈ ಮನೆಯಲ್ಲಿ ಇನ್ನೇನಾದರೂ ಆದರೆ?

ಫೇತಳ ವಿಷಯ ಬರೆಯಬೇಕು. ಶಮೀಮ ಆಪಾ, ರಶೀದ ಅವರ ಹೆಂಡತಿ, ಮೊಮ್ಮಗ ಬಿಟ್ಟುಹೋದ ಪ್ಲಾಸ್ಟಿಕ್ ಇಟ್ಟಿಗೆಗಳ ಡಬ್ಬಿಯೊಂದನ್ನು ಇವಳಿಗೆ ಕೊಟ್ಟರು. ಒಂದರ ಮೇಲೊಂದು ಒತ್ತಿ ಜೋಡಿಸುವಂಥವು. ಡಬ್ಬಿಯ ಮೇಲೆ ಯಾವುದೋ ಕೋಟೆಯ ಚಿತ್ರವಿತ್ತು. ಇವಳು ಅದರ ಕಡೆ ನೋಡಲೂ ಇಲ್ಲ. ಕೆಂಪು ಇಟ್ಟಿಗೆಗಳನ್ನೆಲ್ಲ ಆರಿಸಿಕೊಂಡು ಕಿಟಕಿಯ ಕೆಳಗೆ ಕೂತು ನಿಮ್ಮ ಭಾಲ್ಕಿಯ ಮನೆ ಕಟ್ಟತೊಡಗಿದಳು.

ಅಳತೆ ಎಲ್ಲ ತಪ್ಪು. ಬಾಗಿಲು ಆನೆ ಹೋಗುವಷ್ಟು, ಅಡುಗೆಮನೆ ಬೆಂಕಿಪೊಟ್ಟಣದಷ್ಟು. ಆದರೆ ಯಾವುದನ್ನೂ ಬಿಟ್ಟಿರಲಿಲ್ಲ. ಮುಂದಿನ ಕಟ್ಟೆ, ಬಾಗಿಲ ನೆತ್ತಿಯ ಮೇಲಿನ ಶಿಲುಬೆ, ಹೊರಗಿನಿಂದ ಮಾಳಿಗೆಗೆ ಹತ್ತುವ ಪಾವಟಿಗೆ, ಅಲ್ಲಿ ಒಂದು ಪಾವಟಿಗೆ ಮುರಿದದ್ದು ಕೂಡ. ಶಮೀಮ ಆಪಾ ಮೇಲೆ ಬಂದು ನೋಡಿ, ‘ನಮ್ಮ ಮಿಸ್ತ್ರಿಗಿ ಇಕಿ ಬಲ್ಲಿ ಕಲಿಲಾಕ ಕಳಸ್ತೀನಿ, ಅಂವಗ ಗ್ವಾಡಿ ಸೀದಾ ಕಟ್ಲಾಕ ಬರಂಗಿಲ್ಲ’ ಎಂದು ನಕ್ಕರು. ನಾನೂ ನಕ್ಕೆ. ಎಷ್ಟೋ ದಿನಗಳ ಮೇಲೆ ನಕ್ಕಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ಆಮೇಲೆ ಅವಳು ಬಾಣಂತಿ ಕೋಣೆ ಕಟ್ಟಿದಳು. ಹಳದಿ ತುಂಡುಗಳ ಹೊರಸು. ಹೊರಸಿನ ಕೆಳಗೆ ಬೆಳಕು ಹಾಯುವ ಕೆಂಪು ಚೂರುಗಳು. ಅವು ಕೆಂಡ, ನನಗೆ ಕೇಳುವ ಅಗತ್ಯ ಬೀಳಲಿಲ್ಲ. ಹೊರಸಿನ ಮೇಲೆ ನಾನು, ನನ್ನ ಪಕ್ಕದಲ್ಲಿ ಗುಂಡಗಿನ ಒಂದು ಬಿಳಿ ಚೂರು. ಮೇಲೆ ಮಾಳಿಗೆ ಹಾಸಿ ನಡುವೆ ಒಂದು ಕಿಂಡಿ ಬಿಟ್ಟಳು.

ನಿಮಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ ಅತ್ತೆ, ಬರೆಯದೆ ಮುಂದಕ್ಕೆ ಹೋಗಲಾರೆ. ಆ ದಿನ ನೀರೆರೆಯಲು ಬರುತ್ತಿದ್ದ ಅನುಸೂಯಾಬಾಯಿ ನನಗೂ ಪಾಪುವಿಗೂ ಎರೆದು, ಹೊರಸಿನ ಕೆಳಗೆ ಕೆಂಡದ ಬುಟ್ಟಿ ಇಟ್ಟು, ಗಾಳಿ ತಾಕಬಾರದೆಂದು ಬಾಗಿಲು ಎಳೆದುಕೊಂಡು ಹೋದಳು. ನಮ್ಮ ಕಡೆ ಎಲ್ಲ ಬಾಣಂತಿಯರಿಗೂ ಮಾಡುವುದು ಅದೇ. ಹೊಗೆ ಹೋಗಲು ಮಾಳಿಗೆಯಲ್ಲಿ ಬೆಳಕಿಂಡಿ ಇದೆಯಲ್ಲ, ನಿಮ್ಮ ಅತ್ತೆಯ ಕಾಲದಿಂದಲೂ ಹೋಗಿದೆ. ಜನವರಿಯಲ್ಲಿ ಯಾರೂ ನೆನೆಸದ ಮಳೆ ಬಂತು. ನೀವು ಪೇಟೆಯಿಂದ ಬಂದು ಬಾಗಿಲು ದೂಡಿದಾಗ ಬೆಳಕಿಂಡಿಯ ಮೇಲೆ ಫರಸಿ ಕಲ್ಲು ಮುಚ್ಚಿತ್ತು. ನನ್ನನ್ನು ಹೊರಗೆ ಎಳೆದಿರಿ, ಗಾಳಿ ಸಿಕ್ಕಿ ನಾನು ಬದುಕಿದೆ, ಪಾಪು ಉಳಿಯಲಿಲ್ಲ. ಪಾಪುವಿಗೆ ಇನ್ನೂ ಹೆಸರೂ ಇಟ್ಟಿರಲಿಲ್ಲ.

ಜನ ಕೂಡಿದ ಮೇಲೆ ಕಿಂಡಿ ಮುಚ್ಚಿದವರು ಯಾರೆಂಬ ಮಾತು ಬಂತು. ‘ಪ್ಯಾಟಿಗಿ ಹೋಗಾಗ ಮೋಡ ನೋಡಿ ನಾನೇ ಮುಚ್ಚೀನಿ’ ಎಂದಿರಿ. ಅಷ್ಟೇ. ಇವರು, ನಿಮ್ಮ ಮಗ, ಎಲ್ಲರ ಎದುರು ನಿಮ್ಮನ್ನು ಅಂದ ಮಾತು ನಿಮಗೆ ನೆನಪಿರದೆ ಇರುವುದಿಲ್ಲ. ‘ಜಲ್ಮ ಎಲ್ಲ ನರ್ಸಗಿರಿ ಮಾಡಿದಾಕಿಗಿ ಹೊಗಿ ಎಲ್ಲಿಂದ ಹೋಗ್ತದಂಬೋದು ಗೊತ್ತಿಲ್ಲೇನು? ನನ್ನ ಮನಿ ಹೊಸ್ತಿಲು ತುಳಿಬ್ಯಾಡ.’ ಚರ್ಚಿನ ಹೆಂಗಸರು ನಿಮಗೆ ಕೆಂಡದ ನರ್ಸಮ್ಮ ಎಂದು ಹೆಸರಿಟ್ಟರು. ನಾನು ಬಾಯಿ ಬಿಡಲಿಲ್ಲ. ಬಿಡುವ ಮನಸ್ಸೂ ಇರಲಿಲ್ಲ, ಯಾಕೆಂದರೆ ಇನ್ನೊಂದು ಸಂಗತಿ ನನ್ನ ಕಣ್ಣಿಗೆ ಕಟ್ಟಿತ್ತು: ಕಟ್ಟೆಯ ಮೇಲೆ ನಾನು ಉಸಿರಿಗೆ ಒದ್ದಾಡುತ್ತಾ ಬಿದ್ದಿದ್ದೆ, ಪಾಪು ಬಟ್ಟೆಯಲ್ಲಿತ್ತು, ನೀವು ಮೂಲೆಯಲ್ಲಿ ಕೂತು ಫೇತಳ ಒದ್ದೆ ತಲೆ ಒರೆಸುತ್ತಿದ್ದಿರಿ. ಇಂಥ ಹೊತ್ತಿನಲ್ಲಿ ತಲೆ ಒರೆಸುವ ಕೈ ಎಂಥದ್ದು ಎಂದುಕೊಂಡೆ. ಅದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಇಷ್ಟು ತಿಂಗಳು ನಿಮ್ಮ ಮೇಲೆ ಸಿಟ್ಟು ಸಾಕಿದೆ.

ಮೊನ್ನೆ ಬುಧವಾರ ಸಂಜೆ ಇಲ್ಲಿ ಜೋರು ಮಳೆ. ಫೇತ ರೊಟ್ಟಿ ತಿನ್ನುತ್ತಿದ್ದವಳು ಎಂಜಲು ಕೈಯಲ್ಲೇ ಎದ್ದು ಓಡಿಹೋಗಿ, ಆಟದ ಮನೆಯ ಕಿಂಡಿಯ ಮೇಲೆ ಒಂದು ಬೂದು ಬಣ್ಣದ ಚಪ್ಪಟೆ ಇಟ್ಟಿಗೆ ಒತ್ತಿದಳು. ಏನದು ಎಂದೆ.

‘ಮಳಿ ಬಂತಲ್ಲ ಮಮ್ಮಿ. ಬೆಳಕಿಂಡಿ ಮುಚ್ಚಲಿಲ್ಲಂದ್ರ ಪಾಪು ತೊಯ್ತಾನ.’

‘ನಿನಗ ಯಾರು ಕಲಿಸ್ಯಾರ ಇದು?’

‘ಯಾರು ಕಲಿಸ್ಬೇಕು? ಅವತ್ತೂ ನಾನೇ ಮುಚ್ಚೀನಿ. ಫರಸಿ ಭಾಳ ಜಡ ಇತ್ತು, ಕುಂತು ಕಾಲಿಲೆ ನೂಕೀನಿ. ಆಯಿ ಸುಳ್ಳ ಹೇಳ್ಯಾಳ. ಎಲ್ಲಾರ ಮುಂದ ತಾನೇ ಮುಚ್ಚೀನಿ ಅಂದಾಳ. ಮುಚ್ಚಿದಾಕಿ ನಾ.’

ನೀವು ಅವಳ ಹೆಸರು ಹೇಳದೆ ನುಂಗಿದಿರಿ. ಅವಳು ಅದನ್ನು ದೂರು ಮಾಡಿಕೊಂಡು ಕೂತಿದ್ದಾಳೆ. ತಾನು ಮಾಡಿದ ಒಳ್ಳೆಯ ಕೆಲಸವನ್ನು ಆಯಿ ಕಸಿದುಕೊಂಡಳಂತೆ. ಸಂಡೇ ಸ್ಕೂಲಿನಲ್ಲಿ ನಿಮ್ಮ ನಿಮ್ಮ ಒಳ್ಳೆಯ ಕೆಲಸ ಹೇಳಿ ಎಂದಾಗ ಇದನ್ನೇ ಹೇಳುತ್ತಾಳಂತೆ. ಮಳೆ ಬಂದರೆ ಓಡಿಹೋಗಿ ಬೆಳಕಿಂಡಿ ಮುಚ್ಚುವುದು ಆ ಮನೆಯ ಮಕ್ಕಳ ಕೆಲಸ, ಇವರೂ ಚಿಕ್ಕಂದಿನಲ್ಲಿ ಮಾಡಿದ್ದೇ. ಪಾಪು ಯೇಸಪ್ಪನ ಬಳಿ ಹೋದ ಎಂದಷ್ಟೇ ನಾವು ಅವಳಿಗೆ ಹೇಳಿದ್ದು. ಹೊಗೆಯ ಮಾತನ್ನು ಅವಳ ಎದುರು ಯಾರೂ ಎತ್ತಿರಲಿಲ್ಲ.

‘ಇಲ್ಲ ಬೇಟಾ, ಮುಚ್ಚಿದಾಕಿ ಆಯಿನೇ. ನಿನಗ ಕನಸು ಬಿದ್ದದ’ ಎಂದುಬಿಟ್ಟೆ. ಅವಳು ನನ್ನ ಮುಖ ನೋಡಿದಳು. ಮತ್ತೆ ರೊಟ್ಟಿಗೆ ಕೂತಳು.

ಅತ್ತೆ, ನೀವು ತಲೆ ಒರೆಸಿದ್ದು ಯಾಕೆಂದು ಈಗ ಗೊತ್ತಾಯಿತು. ಮಳೆಯಲ್ಲಿ ಮಾಳಿಗೆ ಹತ್ತಿದ ಗುರುತನ್ನು ಯಾರೂ ನೋಡಬಾರದಿತ್ತು. ಡಿಗ್ರಿ ಓದಿದವಳು ನಾನು, ಒದ್ದೆ ಕೂದಲು ನೋಡಿ ಅಷ್ಟು ತಿಳಿಯಲಿಲ್ಲ.

ಮುಂದಿನ ತಿಂಗಳು ಕಣ್ಣು ತೋರಿಸಲು ಬೀದರಿಗೆ ಬರುತ್ತೀರೆಂದು ಕೇಳಿದೆ. ಬೇರೆಲ್ಲೂ ಇಳಿಯಬೇಡಿ, ನಮ್ಮ ಮನೆಗೇ ಬನ್ನಿ. ಅಷ್ಟರಲ್ಲಿ ಇವರಿಗೆ ನಿಜ ಹೇಳುತ್ತೇನೆ. ಮಗಳ ಹೆಸರು ಎತ್ತಬೇಕಾಗುತ್ತದೆ, ಆದರೂ ಹೇಳುತ್ತೇನೆ. ನಿಮ್ಮ ಮೇಲಿನ ಈ ಹೆಸರು ತೆಗೆಯದೆ ನನಗೆ ನಿದ್ದೆ ಬರುವುದಿಲ್ಲ. ನಿಮ್ಮ ಕೈಯ ಸಪ್ಪನೆ ಬೇಳೆಯನ್ನು ಉಣ್ಣಬೇಕೆನ್ನಿಸುತ್ತದೆ. ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡಿ. ಪ್ರಾರ್ಥನೆಯಲ್ಲಿ ನಮ್ಮನ್ನು ನೆನೆಯಿರಿ. ನೆನೆಯದೆ ಇರುವವರಲ್ಲ ನೀವು. ದೇವರ ಕೈ ನಿಮ್ಮ ತಲೆಯ ಮೇಲಿರಲಿ, ನಿಮ್ಮದು ನಮ್ಮ ತಲೆಯ ಮೇಲಿರಲಿ.

ನಿಮ್ಮ ಮಗಳಂಥವಳು,
ಸ್ಟೆಲ್ಲಾ

ತಾ. ಕ.: ಭಾನುವಾರ ಮಧ್ಯಾಹ್ನ. ಮೇಲಿನದನ್ನು ಹರಿದು ಹಾಕಬೇಕೆಂದಿದ್ದೆ, ಆಗಲಿಲ್ಲ. ಇಂದು ಆರಾಧನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಒಬ್ಬರು ನನಗೆ ಸಮಾಧಾನ ಹೇಳುವ ನೆಪದಲ್ಲಿ ಫೇತಳ ಎದುರೇ ಎಲ್ಲ ಆಡಿದರು. ಕಿಂಡಿ ಮುಚ್ಚಿದ್ದಕ್ಕೇ ಹೊಗೆ ತುಂಬಿ ಕೂಸು ಸತ್ತಿತು, ಮುಚ್ಚಿದವರಿಗೆ ದೇವರು ಕೇಳುತ್ತಾನೆ ಎಂದರು. ಮನೆಗೆ ಬಂದಾಗ ಫೇತ ಬಾಗಿಲ ಬಳಿ ನನ್ನ ಕೈ ಹಿಡಿದು, ‘ಮುಚ್ಚಿದಾಕಿ ಆಯಿನೇ ಹೌದಲ್ಲ ಮಮ್ಮಿ? ನಾ ಕನಸಿನ್ಯಾಗ ಮುಚ್ಚೀನಿ, ಹೌದಲ್ಲ?’ ಎಂದಳು. ಹೌದು ಎಂದೆ. ಮತ್ತೆ ಕೇಳಿದಳು, ಮತ್ತೆ ಹೌದು ಎಂದೆ. ಇವರಿಗೆ ನಾನು ಏನೂ ಹೇಳುವುದಿಲ್ಲ. ನೀವು ಬರಬೇಡಿ ಅತ್ತೆ. ಬಂದರೆ ಅವಳು ನಿಮ್ಮನ್ನೂ ಇದನ್ನೇ ಕೇಳುತ್ತಾಳೆ, ನೀವೂ ಹೌದು ಎನ್ನುತ್ತೀರಿ. ಅದನ್ನು ಕೇಳಿಸಿಕೊಂಡು ನಿಮ್ಮ ಪಕ್ಕದಲ್ಲಿ ನಿಲ್ಲಲು ನನ್ನಿಂದಾಗದು.