ಹೋಗ್ತೀನಿ ಎನ್ನುವ ಚೌಕ

ಕಂಪ್ಲಿ
21 ಆಗಸ್ಟ್ 2025

ಪ್ರೀತಿಯ ತ್ರಿವೇಣಿ,

ಹೇಗಿದ್ದೀ? ಬಂಡ್ರಿಯ ಶಾಲೆ ಹೊಂದಿಕೊಂಡಿತೇ? ನಿನ್ನ ಎರಡೂ ಪತ್ರ ತಲುಪಿ ಬಹಳ ದಿನವಾಯಿತು. ಫೋನನ್ನಂತೂ ಬೇಕೆಂದೇ ಎತ್ತಲಿಲ್ಲ, ಎಷ್ಟು ಬೈಯುತ್ತೀಯೋ ಬೈದುಕೋ. ನಮ್ಮವರ ಮಿಲ್ಲಿಗೆ ಭತ್ತ ಬರುವ ಕಾಲ, ಪುರುಸೊತ್ತಿರಲಿಲ್ಲ ಎಂದು ಸುಳ್ಳು ಬರೆಯಬಹುದಿತ್ತು. ಆದರೆ ನೀನು ಸಂಡೂರಿನವಳಾದರೂ ಇಲ್ಲಿ ಆರು ವರ್ಷ ಇದ್ದವಳು, ಆಗಸ್ಟಿನಲ್ಲಿ ಯಾವ ಭತ್ತ ಎಂದು ಕೇಳಿಯೇ ಕೇಳುತ್ತೀ.

ನೀನು ಕೇಳಿರುವುದು ಒಂದೇ ಪ್ರಶ್ನೆ. ದೇವಿಕಾ ಹೊಸಪೇಟೆಯ ತರಬೇತಿ ಮನೆಗೆ ಯಾಕೆ ಹೋಗಲಿಲ್ಲ? "ಹೋಗ್ತೀನಿ ಅಂತ ನನಗ ಆಕೀನೇ ಹೇಳ್ಯಾಳ, ಒಂದಲ್ಲ ಹತ್ತು ಸಲ" ಎಂದು ಬರೆದಿದ್ದೀ. ಉತ್ತರ ಬರೆಯುತ್ತೇನೆ. ಅದಕ್ಕೂ ಮೊದಲು ನಿನ್ನ ಮೇಲಿರುವ ಸಿಟ್ಟನ್ನು ಬರೆದು ಮುಗಿಸುತ್ತೇನೆ, ಇಲ್ಲದಿದ್ದರೆ ಪೆನ್ನು ಮುಂದೆ ಓಡುವುದಿಲ್ಲ.

ಹದಿನೇಳು ವರ್ಷ ನನ್ನ ಮಗಳು ಮಾತಾಡಲಿಲ್ಲ. ಹುಟ್ಟುವಾಗಲೇ ಮೆದುಳಿಗೆ ಪೆಟ್ಟಾಗಿ ಕೈಕಾಲು ಸೆಟೆದವು, ನಾಲಿಗೆ ತಿರುಗಲಿಲ್ಲ. ಎಡಗೈಯ ಒಂದು ಬೆರಳು ಮಾತ್ರ ಅವಳು ಹೇಳಿದಂತೆ ಕೇಳುತ್ತಿತ್ತು. ನನಗೆ ಅವಳ ಮಾತಿನ ಕೊರತೆ ಕಾಣಲೇ ಇಲ್ಲ ತ್ರಿವೇಣಿ. ಹಸಿವೋ ನಿದ್ದೆಯೋ, ಮುಖ ನೋಡಿದರೆ ತಿಳಿಯುತ್ತಿತ್ತು. ತಿಳಿಯುತ್ತದೆ ಎಂದೇ ನಂಬಿದ್ದೆ. ಕಳೆದ ವರ್ಷ ನೀನು ಆ ಟ್ಯಾಬ್ ಹಿಡಿದುಕೊಂಡು ಬಂದೆ. ಅರವತ್ತು ಚೌಕ, ಒಂದೊಂದರಲ್ಲಿ ಒಂದು ಚಿತ್ರ, ಬೆರಳು ಜಾರದಂತೆ ಮೇಲೊಂದು ತೂತುಗಳ ಹಲಗೆ. ಚಿತ್ರ ಒತ್ತಿದರೆ ಯಂತ್ರ ಮಾತಾಡುತ್ತಿತ್ತು, ವಾರ್ತೆ ಓದುವವರ ಹಾಗೆ. "ಯಾರವ್ವ ಈಕಿ, ಯಾವ ಊರಾಕಿ?" ಎಂದು ನಮ್ಮತ್ತೆ ಸಂಗಮ್ಮ ಗಾಬರಿಯಾಗಿ ಬಾಗಿಲ ಕಡೆ ನೋಡಿದ್ದು ನೆನಪಿದೆಯೇ?

ಆಗ ನೀನೇ ಹೇಳಿದ್ದು: "ಗಂಗಾ, ಯಂತ್ರದ ದನಿ ಬ್ಯಾಡ. ನಿನ್ನ ದನಿ ತುಂಬು. ಹುಡುಗಿ ಮನಿ ಮಾತು ಆಡ್ಲಿ." ಹಿಂದಿನ ಕೋಣೆಯಲ್ಲಿ ಇಬ್ಬರೂ ಕುಳಿತು ಅರವತ್ತು ಮಾತು ತುಂಬಿದೆವು. ಒಂದೊಂದಕ್ಕೂ ನಗು ಉಕ್ಕಿ ಮತ್ತೆ ಮತ್ತೆ ತುಂಬಬೇಕಾಯಿತು.

ಅವಳು ಮೊದಲು ಒತ್ತುವುದು "ಅವ್ವ" ಎಂದು ನಾನು ಕಾದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಹೊಸ ಸೀರೆ ಉಟ್ಟುಕೊಂಡು ಕಾದೆ. ಅವಳು ಒತ್ತಿದ್ದು "ಬ್ಯಾಡ". ನನ್ನ ಕೈಯಲ್ಲಿದ್ದ ಮೊಸರನ್ನ ನೋಡಿ "ಬ್ಯಾಡ". ಹದಿನೇಳು ವರ್ಷ ನುಣ್ಣಗೆ ಕಿವುಚಿ ತಿನ್ನಿಸಿದ ಮೊಸರನ್ನ! ಆಮೇಲೆ "ಖಾರ". ಅವರಪ್ಪ ಹಾಲೇಶರು ಎಲ್ಲಿಲ್ಲದ ಖುಷಿಯಲ್ಲಿ ತಮ್ಮ ತಟ್ಟೆಯ ಮೆಣಸಿನಕಾಯಿ ಬಜ್ಜಿ ಮುರಿದು ಕೊಟ್ಟರು. ಕಣ್ಣು ಮೂಗು ಸುರಿಸುತ್ತಾ ತಿಂದು, ಮತ್ತೆ "ಖಾರ" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಬಚ್ಚಲಲ್ಲಿ ನಗು ಬರಲಿಲ್ಲ. ಅಲ್ಲಿಗೂ ಟ್ಯಾಬ್ ಬೇಕೆಂದು ಹಟ ಹಿಡಿದಳು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೊಟ್ಟೆ. ಮೂರು ಚೌಕ ಒತ್ತಿದಳು. "ಅವ್ವ. ಹೊರಗ. ಹೋಗು." ನನ್ನದೇ ದನಿ, ನನ್ನನ್ನೇ ಹೊರಗೆ ಕಳಿಸುತ್ತಿತ್ತು. ಕೆಲಸಕ್ಕೆ ಬರುವ ಭರಮಮ್ಮ ಸ್ನಾನ ಮಾಡಿಸಬಹುದಂತೆ, ನಾನು ಮಾಡಿಸಕೂಡದಂತೆ. ನಿನಗೆ ಹೇಳಿದಾಗ, "ವಯಸ್ಸಿಗೆ ಬಂದ ಹುಡುಗಿ ಗಂಗಾ, ತಾಯಿ ಮುಂದ ನಾಚಿಕಿ ಇರ್ತೈತಿ, ಖುಷಿಪಡು" ಎಂದೆ. ನಾನು ಖುಷಿಪಡಲಿಲ್ಲ. ಬಚ್ಚಲ ಬಾಗಿಲ ಹೊರಗೆ ನಿಂತು ಭರಮಮ್ಮನ ಬಳೆ ಸದ್ದು ಕೇಳುತ್ತಾ ಉರಿದುಹೋದೆ.

ಅದರ ಮೇಲೆ ನೀನು ಹೊಸಪೇಟೆಯ ಸುದ್ದಿ ತಂದೆ. ಎಂಟು ಹುಡುಗಿಯರು ಒಟ್ಟಿಗೆ ಇರುವ ಮನೆ, ಎರಡು ವರ್ಷದ ತರಬೇತಿ. ಗುಂಡಿ ಒತ್ತಿದರೆ ಬಾಗಿಲು ತೆರೆಯುತ್ತದೆ, ದೀಪ ಹತ್ತುತ್ತದೆ, ಒಂದೇ ಬೆರಳಿನಲ್ಲಿ ಕಂಪ್ಯೂಟರ್ ಕೆಲಸ ಕಲಿಸುತ್ತಾರೆ, ಮುಗಿದ ಮೇಲೆ ನೌಕರಿ. ಅರವತ್ತನೆಯ ಚೌಕದ ಹಳೆಯ ಚಿತ್ರ ತೆಗೆದು ಆ ಮನೆಯ ಗೇಟಿನ ಫೋಟೋ ಕೂರಿಸಿ, ನನ್ನ ಬಾಯಿಂದಲೇ ತುಂಬಿಸಿದೆ: "ನಾ ಹೊಸಪೇಟಿಗೆ ಹೋಗ್ತೀನಿ." ಅಂದಿನಿಂದ ಅದೇ ಜಪ. ತಲೆ ಬಾಚುವಾಗ ಹೋಗ್ತೀನಿ, ಗುಳಿಗೆ ನುಂಗಿಸುವಾಗ ಹೋಗ್ತೀನಿ. ನಿನ್ನ ಮಗಳೂ ಬಳ್ಳಾರಿಯ ಹಾಸ್ಟೆಲಿಗೆ ಹೋದಳು, ನೀನು ಎಂಟು ದಿನ ಅತ್ತು ಸುಮ್ಮನಾದೆ. ನಿನಗೆ ಶಾಲೆಯಿದೆ, ಮಕ್ಕಳಿದ್ದಾರೆ. ದೇವಿಕಾ ಹೋದರೆ ಬೆಳಿಗ್ಗೆ ಎದ್ದು ನಾನು ಯಾರ ಮುಖ ತೊಳೆಸಲಿ? ಹದಿನೆಂಟು ವರ್ಷ ಒಂದು ಮದುವೆಗೆ ಹೋಗಲಿಲ್ಲ, ತವರಿನಲ್ಲಿ ಒಂದು ರಾತ್ರಿ ಉಳಿಯಲಿಲ್ಲ. ಮಗಳಿಗಾಗಿ ಬದುಕಿದವಳು ಎಂಬ ಹೆಸರಿನಿಂದಲೇ ಊರು ನನ್ನನ್ನು ಗುರುತಿಸುತ್ತದೆ.

ಈಗ ಆ ದಿನದ ವಿಷಯ. ಜೂನ್ ತಿಂಗಳಲ್ಲಿ ನೀನು ವರ್ಗವಾಗಿ ಹೋದೆಯಲ್ಲ, ಅದರ ಮುಂದಿನ ಶನಿವಾರ ತರಬೇತಿ ಮನೆಯವರು ಬರುವವರಿದ್ದರು. ಹದಿನೆಂಟು ತುಂಬಿದವರ ವಿಷಯದಲ್ಲಿ ಅಪ್ಪ ಅವ್ವ ಸಹಿ ಮಾಡಿದರೆ ಸಾಲದಂತೆ, ಹುಡುಗಿಯೇ ಹೇಳಬೇಕಂತೆ. ಬೆಳಿಗ್ಗೆ ತಿಂಡಿಯಾದ ಮೇಲೆ ನಾನು ಟ್ಯಾಬ್ ತೆಗೆದುಕೊಂಡೆ. ಗೇಟಿನ ಚೌಕ ಒತ್ತಿ ಹಿಡಿದೆ. ಕೆಂಪು ಚುಕ್ಕೆ ಬಂತು. ಬಾಯಿಯ ಹತ್ತಿರ ತಂದು ಹೇಳಿದೆ: "ನಾ ಎಲ್ಲಿಗೂ ಹೋಗಂಗಿಲ್ಲ. ಅವ್ವನ ಕೂಡ ಮನ್ಯಾಗ ಇರ್ತೀನಿ." ಹಳೆಯ ಮಾತು ಅಳಿಸಿ ಹೋಯಿತು.

ದೇವಿಕಾ ಎದುರಿಗೇ ಗಾಲಿಕುರ್ಚಿಯಲ್ಲಿ ಇದ್ದಳು. ಬೇರೆ ಕೋಣೆಗೆ ಹೋಗಿ ಮಾಡಬೇಕೆಂದು ನನಗೆ ಹೊಳೆಯಲೇ ಇಲ್ಲ. ಸೀರೆ ಉಡುವುದು, ಅಳುವುದು, ಅತ್ತೆಯನ್ನು ಬೈದುಕೊಳ್ಳುವುದು, ಎಲ್ಲ ಅವಳ ಎದುರಿಗೇ ಮಾಡಿ ರೂಢಿ. ಅವಳು ಯಾರಿಗೆ ಹೇಳಬೇಕಿತ್ತು?

ಲಿಂಗರಾಜ್ ಸರ್, ಗಂಗೋತ್ರಿ ಮೇಡಂ ಹನ್ನೊಂದಕ್ಕೆ ಬಂದರು. ಒಳ್ಳೆಯ ಜನ, ಚಹಾ ಕುಡಿಯುವ ಮೊದಲೇ ಅವಳ ಕುರ್ಚಿಯ ಎತ್ತರಕ್ಕೆ ಮೊಣಕಾಲೂರಿ ನಮಸ್ಕಾರ ಹೇಳಿದರು. ಬರ್ತೀಯಾ ಎಂದು ಅವರು ಕೇಳುವುದಿಲ್ಲವಂತೆ, ಕೇಳಿದ್ದಕ್ಕೆಲ್ಲ ಹೌದು ಎನ್ನುವ ಮಕ್ಕಳಿರುತ್ತಾರಂತೆ. "ಮುಂದಿನ ಎರಡು ವರ್ಷ ನೀ ಎಲ್ಲಿ ಇರ್ತೀಯವ್ವ? ನೀನೇ ಹೇಳು, ಅವಸರ ಇಲ್ಲ" ಎಂದರು ಸರ್. ಇಬ್ಬರೂ ಎದುರಿಗೆ ಕುಳಿತರು, ಪರದೆ ಕಾಣುತ್ತಿದ್ದುದು ಪಕ್ಕದಲ್ಲಿದ್ದ ನನಗೆ ಮಾತ್ರ.

ಅವಳ ಬೆರಳು ಗೇಟಿನ ತೂತಿಗೆ ಹೋಯಿತು. ಒತ್ತಿದಳು. "ನಾ ಎಲ್ಲಿಗೂ ಹೋಗಂಗಿಲ್ಲ. ಅವ್ವನ ಕೂಡ ಮನ್ಯಾಗ ಇರ್ತೀನಿ."

ಬೆಳಿಗ್ಗೆ ನೋಡಿದ್ದಳು, ಕೇಳಿದ್ದಳು. ಆದರೂ ಬಂದವರ ಎದುರಿಗೆ ಅದು ಸರಿಯಾಗಿ ಮಾತಾಡೀತು ಎಂದುಕೊಂಡಿದ್ದಳೋ ಏನೋ. ಮತ್ತೆ ಒತ್ತಿದಳು. ಮತ್ತೆ ಅದೇ. ಏಳು ಸಲ ಒತ್ತಿದಳು ತ್ರಿವೇಣಿ. ಜೊಲ್ಲು ಸುರಿದು ಎದೆ ಒದ್ದೆಯಾಯಿತು. ಆಮೇಲೆ "ಬ್ಯಾಡ" ಒತ್ತಿದಳು. ಬ್ಯಾಡ, ಬ್ಯಾಡ, ಬ್ಯಾಡ.

ಗಂಗೋತ್ರಿ ಮೇಡಂ ನನ್ನ ಮುಖ ನೋಡಿದರು. "ಹೋಗೂದು ಬ್ಯಾಡ ಅಂತಾಳ್ರಿ" ಎಂದೆ ನಾನು.

"ಆತು ತಾಯಿ, ಆತು. ಅಷ್ಟು ಸಲ ಹೇಳೂದು ಬ್ಯಾಡ, ನಮಗ ತಿಳೀತು. ನಿನ್ನ ಮಾತು ಮೀರಿ ಯಾರೂ ಕರ್ಕೊಂಡ್ಹೋಗಲ್ಲ" ಎಂದು ಲಿಂಗರಾಜ್ ಸರ್ ಅವಳ ತಲೆ ಸವರಿದರು. ಅವಳು ಮೈಯೆಲ್ಲ ಬಿಲ್ಲಿನಂತೆ ಬಾಗಿಸಿ ಕೂಗಿದಳು. ಆಗಾಗ ಹಾಗೆ ಸೆಳೆತ ಬರುತ್ತದೆ ಎಂದೆ. ಅವರು ನಂಬಿದರು. ಅತ್ತೆ ಎಲ್ಲರ ಕೈಗೂ ಸಕ್ಕರೆ ಹಾಕಿದರು. ಸಂಜೆ ಹಾಲೇಶರು ಮಾತ್ರ, "ನಿನ್ನೀತನಕ ಹೋಗ್ತೀನಿ ಅಂತಿದ್ಲಲ್ಲ ಮಾರಾಯ್ತಿ?" ಎಂದರು. ಹುಡುಗರ ಮನಸ್ಸು ಎಂದೆ. ಅವರೂ ನಂಬಿದರು. ನನ್ನನ್ನು ಯಾರೂ ಅನುಮಾನಿಸುವುದಿಲ್ಲ, ಹದಿನೆಂಟು ವರ್ಷದಲ್ಲಿ ಗಳಿಸಿದ್ದು ಅದೊಂದೇ.

ಅವಳ ಜಾಗ ಬೇರೆ ಹುಡುಗಿಗೆ ಹೋಯಿತು. ಮುಂದಿನ ತಂಡ ಎರಡು ವರ್ಷದ ನಂತರ. ಅಷ್ಟರಲ್ಲಿ ವಯಸ್ಸು ಮೀರುತ್ತದೆ ಎಂದು ಪತ್ರ ಬಂದಿದೆ, ಅದನ್ನು ಅವಳಿಗೆ ನಾನೇ ಓದಿ ಹೇಳಿದೆ. ಯಾಕೆ ಓದಿದೆನೋ! ಕೇಳುತ್ತಾ ರೆಪ್ಪೆ ಸಹ ಬಡಿಯಲಿಲ್ಲ.

ಇದು ನಿನ್ನ ಪ್ರಶ್ನೆಗೆ ಉತ್ತರ. ಲಿಂಗರಾಜ್ ಸರ್‌ಗೆ ಹೇಳಬೇಕೆನಿಸಿದರೆ ಹೇಳು, ನಿನ್ನ ಕಾಲು ಹಿಡಿದು ತಡೆಯುವುದಿಲ್ಲ. ಹೇಳದಿದ್ದರೆ ನಿನ್ನನ್ನು ಸ್ವಲ್ಪ ಕಡಿಮೆ ಗೌರವಿಸುತ್ತೇನೆ, ಅಷ್ಟೇ. ನಿನ್ನ ಮಗಳು ಚೆನ್ನಾಗಿ ಓದಲಿ, ರಜೆಗೆ ನಗುನಗುತ್ತಾ ಮನೆಗೆ ಬರಲಿ, ಮತ್ತೆ ನಗುನಗುತ್ತಾ ಹೋಗಲಿ. ಆ ವಿರೂಪಾಕ್ಷ ನಿನ್ನ ಮನೆಯನ್ನು ಕಾಯಲಿ.

ನಿನ್ನ
ಗಂಗಾಂಬಿಕಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ಎರಡು ತಿಂಗಳಿಂದ ದೇವಿಕಾ ದಿನವಿಡೀ ಟ್ಯಾಬ್ ಮೇಲೆ ಬಾಗಿ ಕೂರುತ್ತಿದ್ದಳು. ಆಟವಾಡುತ್ತಾಳೆ, ಮರೆಯುತ್ತಿದ್ದಾಳೆ ಎಂದು ನಾನು ಸಮಾಧಾನಪಟ್ಟೆ. ಮೊನ್ನೆ "ಅವ್ವ" ಚೌಕ ಒತ್ತಿ ನೋಡಿದೆ. ನನ್ನ ದನಿ ಇಲ್ಲ. "ಆಂಽಽ" ಎಂದು ಅವಳದೇ ಕೂಗು. ನೀರು ಒತ್ತಿದೆ, ಖಾರ ಒತ್ತಿದೆ, ಅಪ್ಪ, ನೋವು, ಬ್ಯಾಡ, ಎಲ್ಲದರಲ್ಲೂ ಅದೇ ಕೂಗು. ಚೌಕ ಒತ್ತಿ ಹಿಡಿಯುವುದನ್ನು ನನ್ನನ್ನು ನೋಡಿಯೇ ಕಲಿತು, ಒಂದೊಂದಾಗಿ ನನ್ನನ್ನು ಅಳಿಸಿದ್ದಾಳೆ. ಈಗ ಅವಳ ಮಾತು ಯಾರಿಗೂ ತಿಳಿಯುವುದಿಲ್ಲ, ನನಗೂ.

ಗೇಟಿನ ಚೌಕದಲ್ಲಿ ನಾನು ತುಂಬಿದ್ದನ್ನು ಮಾತ್ರ ಅಳಿಸಿಲ್ಲ. ಹಳೆಯ ಮಾತು ತುಂಬುತ್ತೇನೆ ಕೊಡು ಎಂದು ಕೈ ಚಾಚಿದರೆ ಕಚ್ಚಿದಳು, ಗಾಯ ಇನ್ನೂ ಮಾಗಿಲ್ಲ. ತುತ್ತು ಹಿಡಿದು ಹೋದಾಗ, ಹಾಸಿಗೆ ಬದಲಿಸುವಾಗ, ನನ್ನ ಕಣ್ಣಲ್ಲಿ ಕಣ್ಣಿಟ್ಟು ಅದನ್ನು ಒತ್ತುತ್ತಾಳೆ. ನಿನ್ನೆ ಹಾಗೆ ಒತ್ತಿದಾಗ ಭರಮಮ್ಮ ಕಸ ಗುಡಿಸುವುದನ್ನು ನಿಲ್ಲಿಸಿ ಕಣ್ಣೊರೆಸಿಕೊಂಡಳು. "ಎಂಥಾ ಮಗಳವ್ವ ನಿಂದು. ಎಷ್ಟು ಪುಣ್ಯ ಮಾಡೀಯೋ."