ದೊರೆಯ ಎದೆಬಿಗಿ

ಜೂನ್ 4, ಬೆಳಿಗ್ಗೆ

ಹನ್ನೆರಡು ಅಂಗಿಗೆ ಗುಂಡಿ ಹಚ್ಚಿದ್ದಾಯಿತು. ಸಾಹಿತ್ಯದಲ್ಲಿ ಎಂ.ಎ. ಮಾಡಿದ ಕೈಗೆ ಸೂಜಿ ಈಗೀಗ ಒಗ್ಗುತ್ತಿದೆ. ಗಿರಾಕಿಗಳ ಜೊತೆ ಮಾತು ಅತ್ತೆಯದು. ನಾನು ತಲೆ ಎತ್ತುವುದಿಲ್ಲ.

ಹೊಲಿಗೆ ಮೇಜಿನ ಕೆಳಗೆ ನಮ್ಮ ನಾಯಿ, ದೊರೆ. ಹೊಟ್ಟೆ ಬಂದಿದೆಯೆಂದು ಊಟ ಅರ್ಧ ಮಾಡಿ ಎರಡು ವಾರ. ಇಳಿದಿಲ್ಲ. ಅತ್ತೆ ಟೇಪು ಹಿಡಿದು ಅಳೆದರು.

“ಹೊಟ್ಟೆ ಎರಡಿಂಚು ಜಾಸ್ತಿ, ಕತ್ತು ಒಂದಿಂಚು ಕಮ್ಮಿ. ಇದ್ಯಾವ ಸೀಮೆ ದಪ್ಪ ಆಗೋದೇ? ಕದ್ದು ಏನಾದ್ರೂ ಹಾಕ್ತಿದೀಯಾ?”

“ಇಲ್ಲ ಅತ್ತೆ.”

ಹಾಕಿದ್ದೆ. ದಿನಕ್ಕೆ ಎರಡು ಬಿಸ್ಕತ್ತು.

ಜೂನ್ 5

ದೊರೆ ಗೇಟಿನ ಹತ್ತಿರ ಕುಸಿದ. ಪಕ್ಕದ ಅಂಗಡಿಯವರ ವ್ಯಾನಿನಲ್ಲಿ ಆಸ್ಪತ್ರೆಗೆ. ಸ್ಕ್ಯಾನ್ ಪರದೆಯಲ್ಲಿ ಕಪ್ಪು ಉಂಗುರ, ನಡುವೆ ಒದ್ದಾಡುವ ಪುಟ್ಟ ಹೃದಯ.

“ಹೃದಯದ ಸುತ್ತ ಇರೋ ಚೀಲದಲ್ಲಿ ನೀರು ತುಂಬಿದೆ. ಅರಳೋಕೆ ಜಾಗ ಇಲ್ಲ. ಅದಕ್ಕೇ ಹೊಟ್ಟೆಗೂ ನೀರಿಳಿದಿದೆ,” ಎಂದರು ಡಾಕ್ಟರಮ್ಮ.

“ಅಂದ್ರೆ ಆಳು ಸರಿಯಾಗಿದಾನೆ, ಅಂಗಿ ಬಿಗಿ,” ಎಂದರು ಅತ್ತೆ. ದೊರೆಯ ಕಾಲು ಮಾತ್ರ ಬಿಡಲಿಲ್ಲ.

ಪಕ್ಕೆಲುಬುಗಳ ನಡುವೆ ಉದ್ದನೆಯ ಸೂಜಿ. ಕೆಂಪು ನೀರು, ಅರ್ಧ ಲೀಟರು... ಸ್ವಲ್ಪ ಹೊತ್ತಿಗೇ ದೊರೆ ತಲೆ ಎತ್ತಿ ಡಾಕ್ಟರಮ್ಮನ ಕೈ ಮೂಸಿದ.

“ಯಾಕಾಯ್ತು? ನಮ್ಮ ತಪ್ಪಾ?” ಅತ್ತೆ ಕೇಳಿದರು.

“ಗಡ್ಡೆ ಇರಬಹುದು. ಸೋಂಕಿರಬಹುದು. ಇಲಿಪಾಷಾಣ ತಿಂದ್ರೂ ಒಳಗೆ ರಕ್ತ ಸೋರುತ್ತೆ. ಎಷ್ಟೋ ಸಲ ಕಾರಣಾನೇ ಸಿಗಲ್ಲ. ಸಿಗದೇ ಇದ್ರೇ ಒಳ್ಳೇದು.”

ಬಿಸ್ಕತ್ತಿನ ವಿಷಯ ಕೇಳಬೇಕಿತ್ತು. ಬಿಲ್ಲು ಕಟ್ಟಲು ಎದ್ದೆ.

ಜೂನ್ 19

ಎರಡನೇ ಸ್ಕ್ಯಾನ್. ಗಡ್ಡೆ ಕಾಣಿಸಲಿಲ್ಲ. ಲ್ಯಾಬ್ ವರದಿಯಲ್ಲಿ ಸೋಂಕಿಲ್ಲ, ಪಾಷಾಣವೂ ಇಲ್ಲ. ನೀರು ಮತ್ತೆ ತುಂಬಿಲ್ಲ.

“ಕಾರಣ ಸಿಗಲಿಲ್ಲ,” ಎಂದು ಡಾಕ್ಟರಮ್ಮ ನಕ್ಕರು. ಅತ್ತೆ ದೊರೆಯ ತಲೆ ಸವರಿದರು. ನಾನು ಕೇಳಿಯೇಬಿಟ್ಟೆ — ಬಿಸ್ಕತ್ತಿನಿಂದ ಏನಾದರೂ...?

“ಅಯ್ಯೋ, ಬಿಸ್ಕತ್ತಿಂದ ಹೀಗೆಲ್ಲ ಆಗಲ್ಲಮ್ಮ.”

ಅತ್ತೆ ಗಕ್ಕನೆ ತಿರುಗಿದರು. “ಕಳ್ಳಿ! ನೀನೂ ಹಾಕ್ತಿದ್ಯಾ?”

ಆಮೇಲೆ ದಾರಿಯುದ್ದಕ್ಕೂ ಇಬ್ಬರೂ ಕಿಟಕಿಯಾಚೆ ನೋಡುತ್ತಾ ಬಂದೆವು, ನಗು ತಡೆದುಕೊಂಡು.

ಮಧ್ಯಾಹ್ನ, 3 ಗಂಟೆ

ನೀರು ಮತ್ತೆ ಬರಬಹುದು, ಬರದೆಯೂ ಇರಬಹುದಂತೆ. ದಿನಾ ನಿದ್ದೆಯಲ್ಲಿ ಉಸಿರು ಎಣಿಸಬೇಕು. ನಿಮಿಷಕ್ಕೆ ಮೂವತ್ತು ದಾಟಿದರೆ ಫೋನು. ಮಾತಾಡದೆ ಮಾಡುವ ಕೆಲಸ, ನನ್ನ ಪಾಲಿಗೇ ಬಂತು.

ಗಡಿಯಾರ ಎದುರಿಗಿದೆ. ಹದಿನಾರು. ಹದಿನೇಳು... ಗಿರಾಕಿ ಬಂದರು. ದೊರೆ ಎದ್ದು, ಇಡೀ ಬೀದಿಗೆ ಕೇಳುವ ಹಾಗೆ ಬೊಗಳಿದ. ಅತ್ತೆ ಬೈಯಲೇ ಇಲ್ಲ.

ಮತ್ತೆ ಮಲಗಿದ. ಮೊದಲಿಂದ. ಒಂದು. ಎರಡು. ಮೂರು —